ಗೆರೆ, ಚುಕ್ಕೆ, ಗೆರೆ

ಹಳೇ ಕಂಪ್ಯೂಟರು ಕೊನೆಗೂ ಕೈಕೊಟ್ಟಿತು. ಕೈಕೊಡುತ್ತೆ, ಕೈಕೊಡುತ್ತೆ ಅಂತ ಮಗಳು ಬಾಯಿ ಬಡಿದುಕೊಂಡಿದ್ದೇ ಬಂತು, ಮೀಟರ್ ಮಾಮ ಕಿವಿಗೆ ಹಾಕಿಕೊಂಡರೆ ತಾನೆ! ಈಗ ಗುಂಡಿ ಒತ್ತಿದರೆ ಗೊರ್ ಅಂತ ಒಂದು ಸದ್ದು, ಆಮೇಲೆ ಅದೂ ಇಲ್ಲ. ರಿಪೇರಿಯವನು ಬಂದ, ಮುಚ್ಚಳ ತೆಗೆದು ಇಣುಕಿದ, ತಲೆ ಆಡಿಸಿದ, ಮುಚ್ಚಳ ಹಾಕಿ ಹೋದ.

ಮೀಟರ್ ಮಾಮ ಅಂದರೆ ಆ ಬೀದಿಯಲ್ಲಿ ಕಂಟ್ರೋಲ್ ಪ್ಯಾನೆಲ್ ಮಾಡುವವರು. ದೊಡ್ಡ ದೊಡ್ಡ ಕಟ್ಟಡಗಳಲ್ಲಿ ನೀರಿನ ಪಂಪು, ಜನರೇಟರು ನಡೆಸೋದಕ್ಕೆ ಗೋಡೆ ಮೇಲೆ ಕಬ್ಬಿಣದ ಪೆಟ್ಟಿಗೆ ಇರುತ್ತಲ್ಲ, ಅದರ ಒಳಗಿನ ತಂತಿ ಜೋಡಣೆಯೆಲ್ಲ ಅವರ ಕೈಕೆಲಸ. ಶರ್ಟಿನ ಜೇಬಿನಲ್ಲಿ ಸದಾ ಕರೆಂಟು ಅಳೆಯುವ ಒಂದು ಮೀಟರು. ಅದನ್ನಿಟ್ಟು ಪರೀಕ್ಷೆ ಮಾಡದೆ ಮನೆಯ ಕರೆಗಂಟೆಯನ್ನೂ ಮುಟ್ಟುವ ಜಾಯಮಾನವಲ್ಲ. ಅದಕ್ಕೇ ಬೀದಿಯವರು ಆ ಹೆಸರಿಟ್ಟು, ನಿಜವಾದ ಹೆಸರನ್ನು ಮರೆತೇಬಿಟ್ಟರು. ಎಷ್ಟು ಜಾಗ್ರತೆ ಮನುಷ್ಯ ಅಂತ ಹೊಗಳುತ್ತಿದ್ದರು.

ಜಾಗ್ರತೆಯೂ ಹೌದು ಅನ್ನಿ. ಆದರೆ ಒಳಗಿನ ಸಂಗತಿ ಬೇರೆ. ಮೀಟರ್ ಮಾಮನಿಗೆ ಕೆಂಪು ಯಾವುದು, ಹಸಿರು ಯಾವುದು ಗೊತ್ತಾಗುತ್ತಿರಲಿಲ್ಲ. ಹುಟ್ಟಿದಾಗಿನಿಂದಲೂ ಅಷ್ಟೇ. ಎರಡೂ ಅವರ ಕಣ್ಣಿಗೆ ಒಂದೇ ಮಣ್ಣು ಬಣ್ಣ. ತಂತಿಯ ಕೆಲಸದಲ್ಲಿ ಕರೆಂಟು ಬರುವ ತಂತಿ ಕೆಂಪು, ನೆಲಕ್ಕೆ ಹೋಗುವ ಅರ್ತ್ ತಂತಿ ಹಸಿರು. ಇದು ಗೊತ್ತಾಗದವನಿಗೆ ಆ ಕಸುಬೇ ಇಲ್ಲ. ಇಷ್ಟು ವರ್ಷ ಈ ವಿಷಯ ಗೊತ್ತಿದ್ದದ್ದು ಹೆಂಡತಿಗೊಬ್ಬಳಿಗೆ. ಅವರ ಶರ್ಟು ಪ್ಯಾಂಟು ಹೊಂದಿಸಿ ಇಡುತ್ತಿದ್ದವಳೂ ಅವಳೇ.

ಹಾಗಾದರೆ ಕೆಲಸ ಹೇಗೆ ನಡೆಯಿತು? ಬುದ್ಧಿ ಓಡಿಸಿದರು, ಇನ್ನೇನು. ವರ್ಕ್‌ಶಾಪಿನ ಸ್ಟ್ಯಾಂಡಿನಲ್ಲಿ ತಂತಿ ಸುರುಳಿಗಳಿಗೆ ಒಂದೊಂದಕ್ಕೂ ಒಂದೊಂದು ಜಾಗ. ಎಡಗಡೆ ತುದಿಯಲ್ಲಿ ಕೆಂಪು, ಪಕ್ಕದಲ್ಲಿ ಹಸಿರು. ಯಾರಾದರೂ ಒಂದು ಸುರುಳಿ ಆಚೀಚೆ ಮಾಡಿದರೆ ಮಾಮ ರುದ್ರಾವತಾರ ತಾಳುತ್ತಿದ್ದರು. ಇನ್ನು ತಂತಿ ಜೋಡಣೆಯ ನಕ್ಷೆಗಳಲ್ಲಿ ಬಣ್ಣದ ಮಾತೇ ಇಲ್ಲ. ಎಲ್ಲ ಕಪ್ಪು ಗೆರೆ. ಉದ್ದುದ್ದ ತುಂಡು ಗೆರೆ ಇದ್ದರೆ ಕೆಂಪು ತಂತಿ. ಗೆರೆ, ಚುಕ್ಕೆ, ಗೆರೆ ಇದ್ದರೆ ಹಸಿರು. ಮಗಳು ಓದು ಮುಗಿಸಿ ವರ್ಕ್‌ಶಾಪಿಗೆ ಬಂದು ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸೋಕೆ ಶುರು ಮಾಡಿದಾಗ, ಬಣ್ಣ ಯಾಕೆ ಬೇಡ ಅಂತ ಕೇಳಿದ್ದಳು.

"ಜೆರಾಕ್ಸ್ ಮಾಡಿದ್ರೆ ಬಣ್ಣ ಉಳಿಯುತ್ತೇನೇ ಪುಟ್ಟಿ? ಗೆರೆ ಉಳಿಯುತ್ತೆ," ಅಂದಿದ್ದರು ಮಾಮ. ಎಂಥ ಉತ್ತರ! ಮಗಳು ತಲೆದೂಗಿ, ಅಂದಿನಿಂದ ಹಾಗೇ ಬಿಡಿಸುತ್ತಾ ಬಂದಳು.

ಈಗ ಹೊಸ ಕಂಪ್ಯೂಟರು ಬಂತು. ಬೇರೆ ಕಂಪನಿಯದು, ಒಳಗಿನ ಸಿಸ್ಟಮ್ಮೇ ಬೇರೆ. ಮಗಳಿಗೆ ಕೆಲಸ ಕೊಡುವ ಎಂಜಿನಿಯರುಗಳೆಲ್ಲ ಅದನ್ನೇ ಬಳಸುತ್ತಾರಂತೆ. ನೋಡೋಕೆ ತೆಳ್ಳಗೆ, ಬೆಳ್ಳಗೆ, ಮುಟ್ಟೋಕೇ ಭಯ. ಆದರೆ ಹಳೇ ನಕ್ಷೆ ಸಾಫ್ಟ್‌ವೇರು ಅದರಲ್ಲಿ ನಡೆಯೋದಿಲ್ಲ. ಹೊಸದೊಂದನ್ನು ಹುಡುಕಬೇಕು.

"ಅಪ್ಪಾ, ಬಾ ಇಲ್ಲಿ. ಮೂರು ಇಳಿಸಿಕೊಂಡಿದ್ದೀನಿ. ಇಬ್ರೂ ಸೇರಿ ಆರಿಸೋಣ," ಅಂದಳು ಮಗಳು.

ಮೊದಲನೆಯದು ಇಂಟರ್ನೆಟ್ ಇದ್ದರೆ ಮಾತ್ರ ಬಾಯಿ ಬಿಡುತ್ತಿತ್ತು. ಪಂಪಿನ ಗುರುತು ಹಾಕುವಷ್ಟರಲ್ಲಿ ನೆಟ್ಟು ಹೋಯಿತು, ಪಂಪೂ ಹೋಯಿತು. ಅದಕ್ಕೆ ಇಬ್ಬರೂ ಒಟ್ಟಿಗೇ ಕೈಮುಗಿದರು. ಎರಡನೆಯದು ಭಾರೀ ಚೆಲುವೆ. ಹಳೇ ಫೈಲುಗಳನ್ನೆಲ್ಲ ಥಟ್ಟನೆ ತೆರೆಯಿತು. ತೆರೆದದ್ದಷ್ಟೇ ಅಲ್ಲ, ಯಾರೂ ಕೇಳದಿದ್ದರೂ ತುಂಡು ಗೆರೆಗಳನ್ನೆಲ್ಲ ಕೂಡಿಸಿ ಇಡೀ ಗೆರೆ ಮಾಡಿ, ಆಯಾ ತಂತಿಯ ಬಣ್ಣ ತುಂಬಿಬಿಟ್ಟಿತು.

"ಅಯ್ಯೋ ಅಪ್ಪಾ, ನೋಡು ನೋಡು! ಏನು ಚೆನ್ನಾಗಿ ಕಾಣುತ್ತೆ!" ಮಗಳು ಕುರ್ಚಿಯಲ್ಲೇ ಕುಣಿದಳು.

ಮಾಮ ನೋಡಿದರು. ನೀಲಿ ಕಾಣಿಸಿತು, ಹಳದಿ ಕಾಣಿಸಿತು. ಮಿಕ್ಕಿದ್ದೆಲ್ಲ ಮಣ್ಣು. ಎರಡು ಗೆರೆ ಒಂದನ್ನೊಂದು ದಾಟುವ ಕಡೆ ಯಾವುದು ಎತ್ತ ಹೋಯಿತು ಅನ್ನೋದೇ ತಿಳಿಯಲಿಲ್ಲ. ಈ ನಕ್ಷೆ ಬಂದರೆ ನನ್ನ ಕಥೆ ಮುಗೀತು, ನಾಳೆಯಿಂದ ಈ ಮೇಜಿನ ಮುಂದೆ ನನಗೆ ಜಾಗವಿಲ್ಲ ಅಂತ ಆಗಲೇ ಅನ್ನಿಸಿತು.

"ಮೂರನೇದು ತೋರಿಸು," ಅಂದರು.

ಮೂರನೆಯದಕ್ಕೆ ರೂಪವೂ ಇಲ್ಲ, ಲಕ್ಷಣವೂ ಇಲ್ಲ. ಸ್ವಿಚ್ಚು, ರಿಲೇ, ಮೋಟಾರಿನ ಗುರುತುಗಳನ್ನೆಲ್ಲ ಕೈಯಾರೆ ಬಿಡಿಸಿಕೊಳ್ಳಬೇಕು. ಆದರೆ ಗೆರೆಯನ್ನು ಗೆರೆಯಾಗಿ, ಚುಕ್ಕೆಯನ್ನು ಚುಕ್ಕೆಯಾಗಿ ಇದ್ದ ಹಾಗೇ ಇಟ್ಟಿತ್ತು.

"ಇದೇ ಇರಲಿ," ಅಂದರು ಮಾಮ, ಸ್ವಲ್ಪ ಜೋರಾಗಿಯೇ.

"ಯಾಕೆ?"

"ಗುಂಡಿಗಳು ದಪ್ಪಗಿವೆ."

"ಗುಂಡಿ ದಪ್ಪಗಿದೆ ಅಂತ ಸಾಫ್ಟ್‌ವೇರ್ ಆರಿಸ್ತಾರಾ?"

"ಸೌಮ್ಯವಾಗಿದೆ ಕಣೇ. ಆ ಎರಡನೇದು ಬಹಳ ಬೀಗುತ್ತೆ."

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು, ಅಪ್ಪನ ಕೆನ್ನೆ ಹಿಂಡಿ, ಎರಡನೆಯದನ್ನೇ ಆರಿಸಿದಳು. ಗುರುತುಗಳನ್ನೆಲ್ಲ ಮತ್ತೆ ಬಿಡಿಸುತ್ತಾ ಕೂರೋಕೆ ಪುರುಸೊತ್ತೆಲ್ಲಿದೆ? ಅವಳ ಮಾತಿನಲ್ಲಿ ತಪ್ಪೂ ಇರಲಿಲ್ಲ.

ಆವತ್ತು ಮನೆಯಲ್ಲಿ ಮಾಮನಿಗೆ ಊಟ ಸೇರಲಿಲ್ಲ. ಹೆಂಡತಿ ತಟ್ಟೆ ನೋಡಿದಳು, ಮುಖ ನೋಡಿದಳು, ವಿಷಯ ಹೊರಗೆ ಎಳೆದಳು.

"ರೀ, ಅವಳಿಗೆ ಹೇಳಿಬಿಡಿ. ಹೇಳಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ಹೆಂಗೆ ಹೇಳ್ಲಿ? ನನ್ನ ಕಣ್ಣು ನಂಬಿಕೊಂಡು ಕೆಲಸ ಕಲಿತವಳು ಅವಳು." ತಟ್ಟೆ ಆಚೆ ಸರಿಸಿ, "ಆ ಮರ ನೆನಪಿಲ್ವಾ ನಿಂಗೆ?" ಅಂದರು.

ನೆನಪಿಲ್ಲದೆ ಏನು. ಪುಟ್ಟಿ ಚಿಕ್ಕವಳಿದ್ದಾಗ ಸ್ಕೂಲಿಗೆ ಅಂತ ಮರದ ಚಿತ್ರ ಬಿಡಿಸಿ, "ಅಪ್ಪಾ, ಹಸಿರು ಕೊಡು" ಅಂದಿದ್ದಳು. ಮಾಮ ಪೆಟ್ಟಿಗೆಯಿಂದ ಬಣ್ಣದ ಕಡ್ಡಿ ತೆಗೆದುಕೊಟ್ಟಿದ್ದರು. ಎಲೆಯೆಲ್ಲ ಕೆಂಪಾಯಿತು. ಮಾರನೇ ದಿನ ಕ್ಲಾಸೆಲ್ಲ ನಕ್ಕು, ಮಗು ಅಳುತ್ತಾ ಮನೆಗೆ ಬಂತು. ಅಪ್ಪನ ಮೇಲೆ ಒಂದು ಮಾತೂ ಆಡಲಿಲ್ಲ. ಆಮೇಲೆ ಮಾಮ ಅವಳ ಬಣ್ಣದ ಪೆಟ್ಟಿಗೆಯ ಹತ್ತಿರವೇ ಸುಳಿಯಲಿಲ್ಲ.

ಹೆಂಡತಿ ನಿಟ್ಟುಸಿರಿಟ್ಟು, ತಟ್ಟೆಗೆ ಇನ್ನಷ್ಟು ಬಡಿಸಿದಳು. "ತಿನ್ನಿ ಮೊದಲು," ಅಂದಳು.

ಮಾರನೇ ದಿನ ಮಗಳು ಬಣ್ಣಬಣ್ಣದ ಮೊದಲ ಪ್ರಿಂಟು ತೆಗೆದು, ಅಪ್ಪನ ಕೈಗಿಟ್ಟು, ಸಾಮಾನು ತರೋಕೆ ಅಂತ ಪೇಟೆಗೆ ಹೊರಟಳು. ಒಂದು ಪಂಪಿನ ಪ್ಯಾನೆಲ್ಲು. ಪುಣ್ಯಕ್ಕೆ ಅಂಥದ್ದನ್ನು ಮಾಮ ಎಷ್ಟೋ ಸಲ ಮಾಡಿದ್ದರು. ಯಾವ ತಂತಿ ಎಲ್ಲಿಂದ ಎಲ್ಲಿಗೆ ಅನ್ನೋದು ಬೆರಳುಗಳಿಗೇ ಗೊತ್ತಿತ್ತು. ಕಾಗದವನ್ನು ಸುಮ್ಮನೆ ಎದುರಿಗೆ ಆನಿಸಿಟ್ಟರು. ಎಡ ತುದಿಯ ಸುರುಳಿಯಿಂದ ತಂತಿ ಎಳೆದರು, ಪಕ್ಕದ್ದರಿಂದ ಎಳೆದರು. ಕತ್ತರಿಸಿ, ತುದಿ ಸುಲಿದು, ಸ್ಕ್ರೂ ಬಿಗಿದು, ಪ್ರತಿ ಜಾಯಿಂಟಿಗೂ ಮೀಟರ್ ಇಟ್ಟರು. ಬಾಗಿಲು ಮುಚ್ಚುವ ಹೊತ್ತಿಗೆ ಮನಸ್ಸು ಹಗುರವಾಗಿತ್ತು. ಹೇಗೋ ದೂಡಬಹುದು ಅನ್ನಿಸಿ, ಸಣ್ಣಗೆ ಸಿಳ್ಳೆ ಕೂಡ ಹಾಕಿದರು.

ಮಗಳು ವಾಪಸು ಬಂದು ಪ್ಯಾನೆಲ್ಲಿನ ಬಾಗಿಲು ತೆಗೆದಳು. ತೆಗೆದವಳು ಅಲ್ಲೇ ನಿಂತಳು.

"ಏನಾಯ್ತೇ?" ಅಂದರು ಮಾಮ.

ತಂತಿಗಳನ್ನು ನೋಡಿದಳು, ಸ್ಟ್ಯಾಂಡಿನ ಕಡೆ ನೋಡಿದಳು, ಕೊನೆಗೆ ಅಪ್ಪನ ಮುಖ ನೋಡಿದಳು.

"ಅಪ್ಪಾ," ಅಂದಳು ಮೆತ್ತಗೆ. "ಹೊಸ ಕಂಪ್ಯೂಟರಿಗೆ ಮೇಜು ಹಾಕುವಾಗ ಸ್ಟ್ಯಾಂಡ್ ಧೂಳು ಹೊಡೆದೆ. ಸುರುಳಿಗಳನ್ನ ವಾಪಸ್ ಇಡುವಾಗ ಕೆಂಪೂ ಹಸಿರೂ ಅದಲು ಬದಲಾಗಿದೆ. ನಾನು ನೋಡ್ಕೊಳ್ಳಲಿಲ್ಲ."

ಅರ್ಥವಾಗೋಕೆ ಮಾಮನಿಗೆ ಒಂದು ಗಳಿಗೆ ಹಿಡಿಯಿತು. ಕರೆಂಟು ಬರುವ ಕಡೆಯೆಲ್ಲ ಹಸಿರು ತಂತಿ. ಅರ್ತ್‌ಗೆಲ್ಲ ಕೆಂಪು. ಒಂದು ಜಾಯಿಂಟೂ ತಪ್ಪಿಲ್ಲ, ಒಂದು ಬಣ್ಣವೂ ಸರಿಯಿಲ್ಲ. ಎಷ್ಟೋ ವರ್ಷದಿಂದ ಮುಚ್ಚಿಟ್ಟುಕೊಂಡಿದ್ದು ಪೆಟ್ಟಿಗೆಯ ಬಾಗಿಲು ತೆರೆದ ಹಾಗೆ ತೆರೆದು ನಿಂತಿತ್ತು.

"ನಂಗೆ ಕಾಣಲ್ಲ ಪುಟ್ಟಿ," ಅಂದರು. "ಮೊದಲಿಂದಲೂ ಕಾಣಲ್ಲ. ಯಾರಾದರೂ ಹಸಿರು ಅಂತ ನಂಬಿ ಇದನ್ನ ಮುಟ್ಟಿದ್ರೆ? ನಾಳೆಯಿಂದ ನಾನು ಬರಲ್ಲ."

"ಅಪ್ಪಾ, ನಿಲ್ಲು..."

ಅವರು ನಿಲ್ಲಲಿಲ್ಲ. ಜೇಬಿನ ಮೀಟರನ್ನು ತೆಗೆದು ಮೇಜಿನ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟರು. ಖಾಲಿ ಜೇಬು ನೋಡಿ ಬೀದಿಯ ದರ್ಜಿ ಏನು ಮಾಮ ಹುಷಾರಿಲ್ವಾ ಅಂತ ಕೇಳಿದ. ಹ್ಞೂಂ ಅಂದು ಮುಂದೆ ನಡೆದರು.

ಮರುದಿನ ಬೆಳಿಗ್ಗೆ ಮಗಳ ಫೋನು. "ನಿನ್ನ ಸಾಮಾನೆಲ್ಲ ಇಲ್ಲೇ ಇದೆ. ಬಂದು ತಗೊಂಡು ಹೋಗು," ಅಂದಳು. ಮಾಮನಿಗೆ ಚುರುಕ್ಕೆಂದಿತು. ಹೋಗಲ್ಲ ಅಂತ ಪಟ್ಟು ಹಿಡಿದು ಕೂತರು. ಹೆಂಡತಿ ಚೀಲ ತಂದು ಮಡಿಲಿಗೆ ಹಾಕಿ, "ಏಳಿ, ಏಳಿ. ಮಗಳ ಹತ್ರ ಎಂಥ ಬಿಗುಮಾನ?" ಅಂತ ಎಬ್ಬಿಸಿ ಕಳಿಸಿದಳು.

ವರ್ಕ್‌ಶಾಪಿನ ಬಾಗಿಲಲ್ಲಿ ನಿಂತರು. ಮಗಳು ಕಂಪ್ಯೂಟರ್ ಮುಂದೆ ಕೂತು, ಕಣ್ಣು ಕಿರಿದು ಮಾಡಿಕೊಂಡು, ಪರದೆಗೆ ಮೂಗು ತಾಗಿಸುವ ಹಾಗೆ ಬಗ್ಗಿದ್ದಳು. ಪರದೆಯ ಮೇಲೆ ನಿನ್ನೆಯ ನಕ್ಷೆ. ಆದರೆ ನೀಲಿಯೂ ಇಲ್ಲ, ಹಳದಿಯೂ ಇಲ್ಲ, ಪೂರಾ ಬೂದಿ ಬಣ್ಣ.

"ಇದೂ ಕೆಟ್ಟುಹೋಯ್ತಾ?" ಮಾಮ ಗಾಬರಿಯಾಗಿ ಒಳಗೆ ಬಂದೇಬಿಟ್ಟರು.

"ಕೆಟ್ಟಿಲ್ಲ. ಈ ಕಂಪ್ಯೂಟರಲ್ಲಿ ಪರದೆಯ ಬಣ್ಣ ಎಲ್ಲ ತೆಗೆದುಹಾಕೋ ಒಂದು ಸೌಕರ್ಯ ಇದೆ. ಬಣ್ಣ ಗೊತ್ತಾಗದಿದ್ರೆ ಹೆಂಗಿರುತ್ತೆ ನೋಡೋಣ ಅಂತ ನಾನೇ ಹಾಕಿದೆ." ತಿರುಗಿದಳು. ಕಣ್ಣು ಊದಿಕೊಂಡಿತ್ತು. "ಆಗಿಂದ ನೋಡ್ತಿದ್ದೀನಿ ಅಪ್ಪಾ. ಯಾವ ಗೆರೆ ಎಲ್ಲಿ ಹೋಗುತ್ತೆ ಒಂದೂ ಗೊತ್ತಾಗ್ತಿಲ್ಲ. ನಿನ್ನೆ ಇದನ್ನ ಮುಂದಿಟ್ಟುಕೊಂಡು ಹೆಂಗಪ್ಪಾ ಮಾಡಿದೆ ನೀನು?"

ಸ್ಟ್ಯಾಂಡಿನ ಕಡೆ ಮಾಮನ ಕಣ್ಣು ಹೋಗಿತ್ತು. ಪ್ರತಿ ಸುರುಳಿಗೂ ಬಿಳೀ ಚೀಟಿ ಅಂಟಿಸಿ, ಅದರ ಮೇಲೆ ದಪ್ಪ ಪೆನ್ನಿನಲ್ಲಿ ಗೆರೆ ಎಳೆದಿತ್ತು. ಒಂದರ ಮೇಲೆ ಉದ್ದುದ್ದ ತುಂಡು ಗೆರೆ. ಇನ್ನೊಂದರ ಮೇಲೆ ಗೆರೆ, ಚುಕ್ಕೆ, ಗೆರೆ. ಪ್ಯಾನೆಲ್ಲಿನ ತಂತಿಗಳೆಲ್ಲ ಬಿಚ್ಚಿದ್ದವು, ಮತ್ತೆ ಹಾಕೋಕೆ ಖಾಲಿ ಪೆಟ್ಟಿಗೆ ಕಾಯುತ್ತಿತ್ತು.

"ಇನ್ಮೇಲೆ ಬಾಗಿಲು ಮುಚ್ಚೋ ಮುಂಚೆ ಬಣ್ಣ ನಾನು ನೋಡ್ತೀನಿ," ಅಂದಳು ಮಗಳು. "ಮಿಕ್ಕಿದ್ದೆಲ್ಲ ನೀನೇ ನೋಡು. ಅದು ನಂಗೆ ಬರಲ್ಲ."

"ಪುಟ್ಟಿ, ಆ ಮರ..."

"ಗೊತ್ತು. ರಾತ್ರಿಯೆಲ್ಲ ಅದೇ ನೆನಪು. ಕೆಂಪು ಎಲೆ ಇರೋ ಮರ ನಮ್ಮಪ್ಪ ನೋಡಿದ್ದಾರೆ, ನೀವು ನೋಡಿಲ್ಲ ಅಷ್ಟೇ ಅಂತ ಕ್ಲಾಸಲ್ಲೆಲ್ಲ ಜಗಳ ಆಡಿದ್ದೆ ನಾನು."

ಮಾಮ ಮುಖ ಆಚೆ ತಿರುಗಿಸಿಕೊಂಡು, ಅಂಗೈಯಲ್ಲಿ ಕಣ್ಣೊರೆಸಿಕೊಂಡರು. ತಂದ ಚೀಲ ಕೈಯಿಂದ ಜಾರಿ ಬಿತ್ತು. ಎತ್ತಿಕೊಳ್ಳಲಿಲ್ಲ.

ಮಗಳು ಆ ಚೆಲುವೆಯನ್ನು ಮುಚ್ಚಿ, ರೂಪವಿಲ್ಲದ ಮೂರನೆಯದನ್ನು ತೆರೆದಳು. ಬಿಳೀ ಹಾಳೆ ಬಂತು. ಒಂದು ಗುರುತೂ ಇರಲಿಲ್ಲ, ಎಲ್ಲ ಮೊದಲಿಂದ ಬಿಡಿಸಬೇಕಿತ್ತು. ಅವಳು ಎದ್ದು ತನ್ನ ಕುರ್ಚಿಗೆ ಅಪ್ಪನನ್ನು ಕೂರಿಸಿ, ಮೌಸನ್ನು ಅವರ ಕೈಯೊಳಗಿಟ್ಟಳು. ಪರದೆಯ ಬಣ್ಣವನ್ನು ಮಾತ್ರ ವಾಪಸು ಹಾಕಲಿಲ್ಲ.

"ಈಗ ನಂಗೂ ಕಾಣಲ್ಲ," ಅಂದಳು. "ಹೇಳ್ಕೊಡು."

ಮಾಮ ಮೇಜಿನ ಮೇಲಿದ್ದ ಮೀಟರನ್ನು ಎತ್ತಿ ಜೇಬಿಗೆ ಹಾಕಿಕೊಂಡರು. ಒಂದು ಗೆರೆ ಎಳೆದರು. ಪಕ್ಕದಲ್ಲಿ ಚುಕ್ಕೆ ಇಟ್ಟರು. ಮತ್ತೊಂದು ಗೆರೆ ಎಳೆದರು.

"ಇದು ಹಸಿರು," ಅಂದರು.

"ಇದು ಹಸಿರು," ಅಂದಳು ಮಗಳು, ಅಪ್ಪನ ಭುಜಕ್ಕೆ ಗಲ್ಲ ಊರಿಕೊಂಡು.