ಕೆಂದಿಯ ನೆಪ

ಕಡಸನ್ನು ಬಿಚ್ಚಿ ಬಿಡುತ್ತಿದ್ದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಗ ಇಷ್ಟು ಹೇಳುವುದಕ್ಕೆ ನನಗೆ ಎರಡು ತಿಂಗಳು ಹಿಡಿಯಿತು.

ಕೊಡಗು ಇನ್ನೂ ತನ್ನದೇ ಒಂದು ಪುಟ್ಟ ರಾಜ್ಯವಾಗಿದ್ದ ಕಾಲ. ಕೊಡ್ಲಿಪೇಟೆಯಿಂದ ಎರಡು ಮೈಲಿ ದೂರದ ಸಾಂತಪ್ಪನವರ ಮನೆಗೆ ನಾನು ಸೊಸೆಯಾಗಿ ಬಂದು ಒಂದು ವರ್ಷವಾಗಿತ್ತು. ನನ್ನ ಗಂಡ ದೇವರಾಜು ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರು. ಶನಿವಾರ ಸಂಜೆ ಬಂದು ಸೋಮವಾರ ಬೆಳಗ್ಗೆ ಹೊರಟುಬಿಡುತ್ತಿದ್ದರು. ಉಳಿದ ದಿನ ಮನೆಯಲ್ಲಿ ಮಾವ, ಅತ್ತೆ ಮುತ್ತಮ್ಮ, ನಾನು, ಮತ್ತು ಕೆಂದಿ. ಕೆಂದಿ ಎರಡು ವರ್ಷದ ಕಡಸು. ತಾಯಿ ಸತ್ತ ಕರುವನ್ನು ಅತ್ತೆ ಹಾಲಿನಲ್ಲಿ ಬಟ್ಟೆ ಅದ್ದಿ ಚೀಪಿಸಿ ಬದುಕಿಸಿದ್ದರು. ಹಾಗಾಗಿ ಮನೆಯಲ್ಲಿ ನನಗಿಂತ ಅದಕ್ಕೇ ಸಲಿಗೆ ಜಾಸ್ತಿ.

ಕೊಟ್ಟಿಗೆಯ ಹಿಂದಿನಿಂದ ಒಂದು ಕಾಲುದಾರಿ ಹೊರಡುತ್ತದೆ. ಬಾಣೆಯ ಹುಲ್ಲುಗುಡ್ಡ ಹತ್ತಿ, ಕೆರೆ ಏರಿಯ ಮೇಲೆ ಹಾದು, ನೇರಳೆ ಮರದ ಹತ್ತಿರ ತಿರುಗಿ, ಗಡಿಕಲ್ಲಿನ ತನಕ ಹೋಗುತ್ತದೆ. ಕಲ್ಲಿನಾಚೆ ಮೈಸೂರು ರಾಜ್ಯ. ಹೋಗಿ ಬರಲು ಹೆಚ್ಚೆಂದರೆ ಒಂದೂವರೆ ಮೈಲಿ.

ಒಂದು ಮಧ್ಯಾಹ್ನ ಕೆಂದಿ ನಿಜವಾಗಿಯೂ ತಪ್ಪಿಸಿಕೊಂಡಿತು. ಹುಡುಕಿಕೊಂಡು ಹೋದೆ. ಕೆರೆ ಏರಿಯ ಮೇಲೆ ನರಪಿಳ್ಳೆ ಇರಲಿಲ್ಲ. ಸೀರೆ ಎತ್ತಿ ಕಟ್ಟಿ ಓಡಿದೆ. ತವರಿನಲ್ಲಿ ಹನ್ನೆರಡನೇ ವಯಸ್ಸಿಗೆ ಓಡುವುದನ್ನು ಬಿಡಿಸಿದ್ದರು. ಎಂಟು ವರ್ಷವಾದ ಮೇಲೆ ಮತ್ತೆ ಕಿವಿಯಲ್ಲಿ ಗಾಳಿ ಸುಯ್ಯೆಂದಿತು. ಗಡಿಕಲ್ಲಿನ ಹತ್ತಿರ ಮೇಯುತ್ತಿದ್ದ ಕಡಸಿನ ಕುತ್ತಿಗೆ ತಬ್ಬಿಕೊಂಡು ಏದುಸಿರು ಬಿಡುತ್ತಾ ಒಬ್ಬಳೇ ನಕ್ಕೆ. ಅಷ್ಟು ಸುಖವಾಗಿತ್ತು.

ಮಾರನೆಯ ದಿನ ಕೆಂದಿ ತಪ್ಪಿಸಿಕೊಳ್ಳಲಿಲ್ಲ. ಕಾದೆ. ಅದರ ಮಾರನೆಯ ದಿನ ನಾನೇ ಅದನ್ನು ಕಟ್ಟಿದ್ದ ಕಣ್ಣಿ ಬಿಚ್ಚಿದೆ.

ಬೇರೇನು ಮಾಡಬೇಕಿತ್ತು ಹೇಳಿ? ಕೆಲಸವಿಲ್ಲದೆ ನಡೆಯುವ ಹೆಂಗಸನ್ನು ಆ ಊರು ಕಂಡಿರಲಿಲ್ಲ, ಓಡುವವಳ ಮಾತಂತೂ ದೂರವೇ ಉಳಿಯಿತು. ಎದುರು ಸಿಕ್ಕವರೆಲ್ಲ ಎತ್ತಲಾಗೆ ಎಂದು ಕೇಳದೆ ಬಿಡುತ್ತಿರಲಿಲ್ಲ. ಕಡಸು ಓಡಿಹೋಗಿದೆ ಎಂದರೆ ಸಾಕು, "ಅಯ್ಯೋ, ಬೇಗ ಓಡವ್ವ!" ಎಂದು ಅವರೇ ನನ್ನನ್ನು ಓಡಿಸುತ್ತಿದ್ದರು. ಹೀಗೆ ವಾರಕ್ಕೆ ನಾಲ್ಕು ದಿನ ಮೈಸೂರು ರಾಜ್ಯ ಮುಟ್ಟಿ ಬರತೊಡಗಿದೆ. ಹೋಗುವಾಗ ಓಟ, ಬರುವಾಗ ಕೆಂದಿಯ ಜೊತೆ ನಿಧಾನಕ್ಕೆ ನಡಿಗೆ.

ಒಂದು ದಿನ ಮಾವ ಜಗಲಿಯಲ್ಲಿ ಕುಳಿತು ತೀರ್ಪು ಕೊಟ್ಟರು. "ಈ ಕಡಸಿನ ಕೊರಳಿಗೆ ಒಂದು ಕೊರಡು ಕಟ್ಟನ. ಓಡಿದ್ರೆ ಮೊಣಕಾಲಿಗೆ ಬಡೀತದೆ. ಆಗ ಬುದ್ಧಿ ಬತ್ತದೆ."

"ನಿಮ್ ಕೊರಳಿಗೆ ಕಟ್ಕಳಿ ಅದ್ನ," ಎಂದು ಅತ್ತೆ ಎದ್ದರು. "ನನ್ ಕೂಸಿನ್ ಕಾಲಿಗೆ ಏನಾರ ಆದ್ರೆ ನಾನ್ ಸುಮ್ಕಿರಕಿಲ್ಲ." ನೆಟ್ಟಗೆ ಒಳಗೆ ಹೋಗಿ ದೇವರ ಮುಂದೆ ನಿಂತು ನಮಗೆಲ್ಲ ಕೇಳಿಸುವ ಹಾಗೆ ಹರಕೆ ಹೊತ್ತರು. "ಕೆಂದಿ ಹನ್ನೊಂದು ದಿನ ತಪ್ಪಿಸ್ಕಳ್ದೆ ಕೊಟ್ಟಿಗೇಲಿರ್ಲಿ ನಮ್ಮಪ್ಪ. ಅಲ್ಲೀಗಂಟ ನಾನು ಕಾಪಿ ಮುಟ್ಟಕಿಲ್ಲ."

ಅತ್ತೆಗೆ ಬೆಲ್ಲದ ಕಾಪಿ ದಿನಕ್ಕೆ ಆರು ಲೋಟ ಬೇಕು. ಹಿತ್ತಲ ಗಿಡದ ಹಣ್ಣನ್ನು ತಾವೇ ಒಣಗಿಸಿ, ತಾವೇ ಹುರಿದು, ಬೇರೆಯವರಿಗೆ ಕುಟ್ಟುವುದಕ್ಕೂ ಕೊಡದವರು. ಎರಡನೆಯ ದಿನಕ್ಕೇ ತಲೆನೋವು ಹಿಡಿಯಿತು. ಶುಂಠಿ ಅರೆದು ಹಣೆಗೆ ಹಚ್ಚಿ ಬಟ್ಟೆ ಬಿಗಿದುಕೊಂಡರು. ಮಾವ ಲೋಟ ಎತ್ತಿದಾಗಲೆಲ್ಲ ಅವರ ಕಣ್ಣು ಲೋಟದ ಹಿಂದೆಯೇ ಹೋಗುತ್ತಿತ್ತು. ನಾನು ನನ್ನ ಲೋಟ ಹಿಡಿದು ಹಿತ್ತಲಿಗೆ ಹೋಗಿಬಿಡುತ್ತಿದ್ದೆ.

ಹನ್ನೊಂದು ದಿನ ತಾನೇ, ತಡೆದುಕೊಳ್ಳುತ್ತೇನೆ ಎಂದುಕೊಂಡೆ. ಮಳೆಗಾಲ ಮುಗಿದು ಬಾಣೆಯ ಮೇಲೆ ಎಳೆ ಬಿಸಿಲು ಬಿದ್ದಿತ್ತು. ಮೂರು ಗಂಟೆಯಾದರೆ ನನ್ನ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದೆ. ಕೆಂದಿಯ ಕಣ್ಣಿಹಗ್ಗಕ್ಕೆ ಇನ್ನೊಂದು ಗಂಟು ಹಾಕಿದೆ. ಎಂಟು ದಿನ ಹೇಗೋ ಕಳೆಯಿತು.

ಒಂಬತ್ತನೆಯ ದಿನ ಕೊಟ್ಟಿಗೆ ಖಾಲಿ. ದೇವರಾಣೆಗೂ ನಾನು ಮುಟ್ಟಿರಲಿಲ್ಲ. ಎರಡು ತಿಂಗಳ ತಿರುಗಾಟ ಕೆಂದಿಗೆ ರೂಢಿಯಾಗಿತ್ತು, ಗೂಟವನ್ನೇ ಕಿತ್ತುಕೊಂಡು ಹೋಗಿತ್ತು. ಓಡಿದೆ, ಆದರೆ ಆವತ್ತು ಓಟದಲ್ಲಿ ಯಾವ ಸುಖವೂ ಇರಲಿಲ್ಲ. ಕಡಸು ಗಡಿಕಲ್ಲಿನ ಹತ್ತಿರ ನೆಮ್ಮದಿಯಾಗಿ ಮೇಯುತ್ತಿತ್ತು.

ಎಳೆದುಕೊಂಡು ಬಂದಾಗ ಅತ್ತೆ ಕೊಟ್ಟಿಗೆಯ ಬಾಗಿಲಲ್ಲಿ ಕುಳಿತಿದ್ದರು. ಬೈಯಲಿಲ್ಲ. ಕೆಂದಿಯ ಮೈ ಸವರಿ, "ನಾಳೆಯಿಂದ ಮತ್ತೆ ಒಂದು," ಎಂದು ತಲೆ ಒತ್ತಿಕೊಂಡರು. ಅವರು ಬೈದಿದ್ದರೆ ನಾನು ಬಾಯಿ ಮುಚ್ಚಿಕೊಂಡೇ ಇರುತ್ತಿದ್ದೆ.

"ಅತ್ತೆ, ಕೆಂದಿ ತಪ್ಪಲ್ಲ. ಇಷ್ಟು ದಿವ್ಸ ಕಣ್ಣಿ ಬಿಚ್ಚಿದ್ದು ನಾನು."

ಅತ್ತೆ ತಲೆ ಎತ್ತಿದರು. "ಯಾರನ್ನಾರ ನೋಡಕ್ ಹೋಯ್ತಿದ್ಯಾ?"

"ಅಯ್ಯೋ, ಇಲ್ಲ ಅತ್ತೆ. ಓಡಕ್ಕೆ."

"ಎಲ್ಲಿಗೆ?"

"ಕಲ್ಲಿನ್ ಗಂಟ. ಹೋಗಿ ವಾಪಸ್ ಬರಕ್ಕೆ."

"ಅಲ್ಲೇನೈತೆ?"

"ಏನೂ ಇಲ್ಲ."

"ಮತ್ತೆ?"

"ಸಂತೋಸ ಆಯ್ತದೆ ಅತ್ತೆ."

ಅತ್ತೆ ಹಣೆಯ ಬಟ್ಟೆ ಕಿತ್ತು ನನ್ನ ಕಡೆಗೆ ಎಸೆದರು. "ನಿನ್ ಸಂತೋಸಕ್ಕೆ ಇಲ್ಲಿ ನನ್ ತಲೆ ಸೀಳೋಯ್ತಾ ಐತಲ್ಲೇ, ಪಾಪಿ ಮುಂಡೇದೆ!" ಇನ್ನೂ ಏನೇನೋ ಅಂದರು, ಅದನ್ನೆಲ್ಲ ಬರೆಯುವುದಿಲ್ಲ. ಇನ್ನು ಕೆಂದಿಗೆ ಕೊರಡು, ನನಗೆ ತವರು ಎಂದು ತಲೆತಗ್ಗಿಸಿ ನಿಂತೆ. ಆ ದಾರಿಯಲ್ಲಿ ಮತ್ತೆ ಕಾಲಿಡಲಾರೆನಲ್ಲ ಎಂಬ ಯೋಚನೆಗೇ ಅಳು ಬಂತು. ನಾಚಿಕೆಗೇಡು, ಆದರೆ ನಿಜ.

ಬೈದು ಸುಸ್ತಾದ ಮೇಲೆ ಅತ್ತೆ ಕೆಂದಿಯ ಕೊರಳು ತುರಿಸಿದರು.

"ದಿನಾ ಆಯ್ತದಾ?" ಎಂದರು.

"ಏನು?"

"ಅದೇ, ಸಂತೋಸ."

"ದಿನಾ ಆಯ್ತದೆ."

ಅವರು ಬಾಣೆಯ ಕಡೆಗೆ ನೋಡಿದರು. "ನಂಗೆ ಕಾಪೀಲಿ ಆಯ್ತದೆ," ಎಂದರು.

ಆಮೇಲೆ ಎಂದಿನ ಗಡಸು ದನಿಯಲ್ಲಿ ಅಪ್ಪಣೆಯಾಯಿತು. "ದೇವ್ರ ಮುಂದೆ ಆಡಿದ್ ಮಾತು, ಬದ್ಲಾಯ್ಸಕ್ಕಾಗಕಿಲ್ಲ. ಇದ್ಕೂ ತಿರುಗೋ ಚಟ ಹತ್ತೈತೆ. ನಾಳೆಯಿಂದ ದಿನಾ ನೀನೇ ಹಗ್ಗ ಹಿಡ್ಕೊಂಡು ತಿರುಗಾಡಿಸ್ಕೊಂಡ್ ಬಾ. ಆಗ ತಪ್ಪಿಸ್ಕಳಕಿಲ್ಲ. ಯಾರಾರ ಕೇಳಿದ್ರೆ ನಮ್ಮತ್ತೆ ಹರಕೆ ಅನ್ನು. ನಿಮ್ ಮಾವಂಗೂ ಅಷ್ಟೇ."

ಹನ್ನೊಂದು ದಿನ ಹಾಡಹಗಲೇ ಓಡಿದೆ. ಕೆಂದಿ ಮುಂದೆ, ಹಗ್ಗ ಹಿಡಿದು ನಾನು ಹಿಂದೆ. ಹರಕೆ ಎಂದ ಮೇಲೆ ಇನ್ನೊಂದು ಮಾತು ಕೇಳಿದವರಿಲ್ಲ. ನೆರೆಮನೆಯ ಕಾಳಮ್ಮ ಊರಿನ ಸುದ್ದಿಯನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ತಿರುಗುವವಳು. ಅವಳೂ ಒಂದು ದಿನ ಕಡಸಿನ ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಹನ್ನೆರಡನೆಯ ದಿನ ಬೆಳಗ್ಗೆ ಅತ್ತೆ ಒಂದರ ಹಿಂದೊಂದು ಎರಡು ಲೋಟ ಕಾಪಿ ಕುಡಿದರು. ಮೂಗಿನ ತುದಿ ಬೆವರಿತು, ಮುಖ ಅರಳಿತು. ನನಗೂ ಸಂತೋಷವೇ. ಆದರೆ ಮೂರು ಗಂಟೆಯಾದರೂ ಹಗ್ಗ ಮುಟ್ಟುವ ಧೈರ್ಯವಾಗಲಿಲ್ಲ. ಹರಕೆ ತೀರಿತ್ತಲ್ಲ, ಇನ್ನು ಯಾವ ಹೆಸರಿನಲ್ಲಿ ಹೋಗುವುದು? ಅಂಗಳದಲ್ಲಿ ಸುಮ್ಮನೆ ನಿಂತಿದ್ದೆ. ಅತ್ತೆ ಅಡುಗೆಮನೆಯ ಹೊಸ್ತಿಲಲ್ಲಿ ಇನ್ನೊಂದು ಲೋಟ ಹಿಡಿದು ಕುಳಿತಿದ್ದರು. ಅಷ್ಟರಲ್ಲಿ ಮೊಸರಿಗೆ ಹೆಪ್ಪು ಕೇಳಿಕೊಂಡು ಕಾಳಮ್ಮ ಬಂದಳು.

ಅತ್ತೆ ಲೋಟವನ್ನು ಬಾಗಿಲ ಹಿಂದಕ್ಕೆ ಸರಿಸಿ ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಹರಕೆ ಮುಗೀತಾ ಮುತ್ತಕ್ಕ?" ಎಂದು ಕಾಳಮ್ಮ ಕೇಳಿದಳು.

"ಎಲ್ಲಿ ಮುಗೀತು? ಇನ್ನೂ ಐತೆ," ಎಂದು ಅತ್ತೆ ಹಣೆ ಒತ್ತಿಕೊಂಡರು. ನನ್ನ ಕಡೆ ತಿರುಗಿ ಗದರಿದರು. "ಏನೇ ನಿಂಗಿ, ಕಂಬದಂಗೆ ನಿಂತಿದ್ದೀಯಾ? ಹೊತ್ತಾಯ್ತು, ಹೊರಡು!"

ಆಮೇಲೆ ಐದು ವರ್ಷ ನಮ್ಮ ಅತ್ತೆ ಕಾಳಮ್ಮನ ಎದುರಿಗೆ ಒಂದು ತೊಟ್ಟು ಕಾಪಿ ಕುಡಿಯಲಿಲ್ಲ.