ಸಿಯಾಲೆಯ ಗಂಟಲು ನೋವು

ವವಾವು ದ್ವೀಪಗಳ ಕಡೆಯ ನಮ್ಮ ಪುಟ್ಟ ದ್ವೀಪದ ಶಾಲೆಗೆ ಲೋಸೇಲಿ ಎಂಬ ನರ್ಸ್ ಬಂದಾಗ ನಾನು ಅಲ್ಲಿ ಹದಿನೆಂಟು ವರ್ಷದಿಂದ ಹಾಡು ಕಲಿಸುತ್ತಿದ್ದೆ. ಪ್ರತಿ ಸೋಮವಾರ ಮಕ್ಕಳ ಗಂಟಲು ನೋಡಬೇಕು, ನೋವು ಯಾವತ್ತು ಬಂದರೂ ಅಂದೇ ಚುಚ್ಚುಮದ್ದಿಗೆ ಕಳಿಸಬೇಕು ಎಂಬುದು ಅವಳ ಯೋಜನೆ. ಹಾಗೇ ಬಿಟ್ಟರೆ ಕೀಲುಗಳು ಊದಿ, ಹೃದಯವೇ ಕೆಡಬಹುದು ಎಂದಳು.

ಶಿಕ್ಷಕರ ಸಭೆಯಲ್ಲಿ ಅವಳು ಜನರ ರೂಢಿ ಬದಲಿಸುವ ಬಗ್ಗೆ ತಾನು ಕಲಿತುಬಂದದ್ದನ್ನು ವಿವರಿಸಿದಳು. "ಮೊದಲು ಹಳೇ ರೂಢಿ ಸಡಿಲ ಆಗ್ಬೇಕು. ಆಮೇಲೆ ಹೊಸದನ್ನ ಮಾಡಿ ನೋಡ್ಬೇಕು. ಕೊನೆಗೆ ಅದೇ ರೂಢಿಯಾಗಿ ಊರ್ಕೋಬೇಕು. ಯಾರಿಗೆ ಏನು ಅಡ್ಡಿ ಇದೆ, ಹೇಳಿ. ಅದನ್ನ ತೆಗೀದೆ ನಾನು ಎಷ್ಟು ತಳ್ಳಿದ್ರೂ ನಡೆಯಲ್ಲ."

ನಾನೇ ಎದ್ದೆ. "ಸಮುದ್ರದ ನೀರು ಮುಕ್ಕಳಿಸಿ ದೊಡ್ಡವರಾದೋರು ನಾವು. ನೀನು ಮಕ್ಕಳ ಬಾಯಿ ತೆರೆಸ್ತಾ ಕೂತ್ರೆ ಅವು ಹಾಡೋದು ಯಾವಾಗ, ತಾಯಿ?"

ಎಲ್ಲರೂ ನಕ್ಕರು. ಲೋಸೇಲಿ ಸಿಟ್ಟಾಗದೆ ಹಲಗೆಯ ಮೇಲೆ 'ಹಾಡಿನ ಹೊತ್ತು' ಎಂದು ಬರೆದುಕೊಂಡಳು. "ಇದೂ ಒಂದು ಅಡ್ಡಿನೇ, ಮೇಷ್ಟ್ರೇ. ಬೆಳಗ್ಗೆ ಪ್ರಾರ್ಥನೆಗೆ ಮುಂಚೆ ನೋಡ್ತೀನಿ. ಆಗ್ಬಹುದಾ?"

ನಾನು ಎದ್ದು ಹೊರಟುಬಿಟ್ಟೆ. ಸೋಮವಾರ ಬಂದಾಗ ನನ್ನ ಮೇಳದ ಮಕ್ಕಳನ್ನು ಅವಳ ಬಳಿಗೆ ಕಳಿಸಲೂ ಇಲ್ಲ.

ಆ ತಿಂಗಳು ಚರ್ಚಿನ ಹಾಡಿನ ಸ್ಪರ್ಧೆಯಿತ್ತು. ಆರನೆಯ ತರಗತಿಯ ಸಿಯಾಲೆಯೇ ನಮ್ಮ ಮೇಳದ ದೊಡ್ಡ ದನಿ. ಸ್ಪರ್ಧೆಗೆ ನಾಲ್ಕು ದಿನವಿರುವಾಗ ಬಂದು, "ಮೇಷ್ಟ್ರೇ, ಉಗುಳು ನುಂಗೋಕೂ ಆಗ್ತಿಲ್ಲ," ಎಂದಳು. ಚುಚ್ಚುಮದ್ದಿಗೆ ದೊಡ್ಡ ದ್ವೀಪಕ್ಕೆ ದೋಣಿಯಲ್ಲಿ ಹೋಗಿಬರಲು ಇಡೀ ದಿನ ಬೇಕು.

"ಬಿಸಿನೀರು ಕುಡಿ. ಯಾರಿಗೂ ಹೇಳ್ಬೇಡ," ಎಂದೆ.

ಅವಳು ಹೇಳಲಿಲ್ಲ. ಹಾಡಿದಳು. ನಾವು ಗೆದ್ದೆವು.

ಮೂರು ವಾರಕ್ಕೆ ಅವಳ ಮಂಡಿ ಊದಿತು, ಆಮೇಲೆ ಮೊಣಕೈ. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ದೊಡ್ಡಾಸ್ಪತ್ರೆ ಸೇರಿದ ಹನ್ನೊಂದನೆಯ ದಿನ ಸಿಯಾಲೆ ತೀರಿಕೊಂಡಳು.

ಮಣ್ಣು ಮಾಡಿದ ಮರುವಾರ ಹೆತ್ತವರ ಸಭೆ ಸೇರಿತು. ಅವಳ ತಾಯಿ ಫಾತಾಯಿ ನಮ್ಮಲ್ಲಿ ಸಾವಾದ ಮನೆಯವರು ಉಡುವ ಶೋಕದ ಚಾಪೆಯನ್ನು ಸೊಂಟಕ್ಕೆ ಸುತ್ತಿಕೊಂಡು ಮುಂದೆಯೇ ಕೂತಿದ್ದಳು. ನಾನು ಎದ್ದುನಿಂತು ನಡೆದದ್ದನ್ನೆಲ್ಲ ಹೇಳಿದೆ.

"ಅವಳು ನನಗೂ ಹೇಳ್ಲಿಲ್ಲ," ಎಂದಳು ಫಾತಾಯಿ. "ಈಗ ಗೊತ್ತಾಯ್ತು. ಮೇಷ್ಟ್ರ ಮಾತು ಮೀರಬಾರ್ದು ಅಂತ ನಾನೇ ಕಲಿಸಿದ್ದೆ."

ಮುಂದಿನ ಸೋಮವಾರದಿಂದ ತಾಯಂದಿರೇ ಮಕ್ಕಳನ್ನು ಕರೆತಂದು ಸಾಲಾಗಿ ನಿಲ್ಲಿಸಿದರು. ನಮ್ಮ ರೂಢಿ ಸಡಿಲವಾಗಲು ಒಂದು ಮಗುವಿನ ಸಾವು ಬೇಕಾಯಿತು. ಎರಡು ವರ್ಷದಲ್ಲಿ ಒಂಬತ್ತು ಮಕ್ಕಳಿಗೆ ವೇಳೆಗೆ ಸರಿಯಾಗಿ ಮದ್ದು ಸಿಕ್ಕಿತು. ಅವರನ್ನು ದೋಣಿಯಲ್ಲಿ ಕರೆದೊಯ್ಯುವ ಕೆಲಸವನ್ನು ನಾನೇ ಕೇಳಿ ಪಡೆದೆ. ಫಾತಾಯಿ ಈಗಲೂ ನನ್ನೊಡನೆ ಮಾತಾಡುವುದಿಲ್ಲ.