ಗೊತ್ತಿಲ್ಲ ಎಂದವಳು

ಹೆಂಡತಿ ಮಾರ್ಟಿನಾಳ ಶವಪೆಟ್ಟಿಗೆಯನ್ನು ಆಂಬುಲೆನ್ಸಿನಿಂದ ಅರ್ಧ ಹೊರಗೆಳೆದಾಗಿತ್ತು. ಇನ್ನೊಂದು ಕೈ ಬೇಕೆಂದು ಜಂಶೀರ್ ತಿರುಗಿ ನೋಡಿದ. ಬಿಸಿಲಲ್ಲಿ ನಿಂತಿದ್ದ ನರೆಗೂದಲಿನವನೊಬ್ಬ ಮುಂದೆ ಬಂದ.

“ನಾನು ಹಿಡೀಬಹುದಾ?”

ಮಾರ್ಟಿನಾಳ ಅಣ್ಣ ಕ್ಲಾರೆನ್ಸ್. ಊರಿನಲ್ಲಿ, ಶಿರ್ವದ ಮನೆಯಂಗಳದಲ್ಲಿ ಕತ್ತಿ ಹಿಡಿದು, ಬ್ಯಾರಿ ಮುಸಲ್ಮಾನನನ್ನು ಮದುವೆಯಾದರೆ ಇಬ್ಬರನ್ನೂ ಕಡಿಯುತ್ತೇನೆ ಎಂದಿದ್ದವನು. ಇಷ್ಟು ವರ್ಷಗಳ ಮೇಲೂ ಜಂಶೀರ್ ಮೊದಲು ಅವನ ಕೈಗಳನ್ನು ನೋಡಿದ.

“ಹಿಡೀರಿ,” ಎಂದ.

ದುಬೈಯ ಜೆಬೆಲ್ ಅಲಿಯ ಆ ಸ್ಮಶಾನದಲ್ಲಿ ಹೆಚ್ಚು ಜನರಿರಲಿಲ್ಲ. ಜಂಶೀರನ ಗೋಡೌನಿನ ಕೆಲವರು, ಮಾರ್ಟಿನಾ ದುಡಿಯುತ್ತಿದ್ದ ಅಲ್ ಬರ್ಷಾದ ಕ್ಲಿನಿಕ್ಕಿನ ನರ್ಸುಗಳು. ಅವರಲ್ಲಿ ಬ್ರೆಂಡಾ ಹತ್ತಿರ ಬಂದಳು.

“ನಾನೇ ಊರಿಗೆ ಫೋನ್ ಮಾಡಿದ್ದು. ನಾನು ಹೋದ್ರೆ ಅಣ್ಣನಿಗೆ ತಿಳಿಸು ಅಂತ ಮಾರ್ಟಿನಾ ಹೇಳಿದ್ದಳು.” ಕಣ್ಣೊರೆಸಿಕೊಂಡಳು. “ನನಗೆ ಎಂತಾದ್ರೂ ಆಗ್ತದಾ ಅಂತ ಪೇಶೆಂಟ್ ಕೇಳಿದ್ರೆ ನಾವೆಲ್ಲ ‘ಎಂತ ಆಗುದಿಲ್ಲ’ ಅಂತೇವೆ. ಇವಳು ಮಾತ್ರ ‘ಗೊತ್ತಿಲ್ಲ, ನಾನು ಇಲ್ಲೇ ಇರ್ತೇನೆ’ ಅಂತಿದ್ದಳು. ಆದ್ರೂ ಎಲ್ಲರಿಗೂ ಇವಳೇ ಬೇಕು ಮಾರಾಯ್ರೆ.”

*

ಮದುವೆಯಾದ ವರ್ಷವೇ ಇಬ್ಬರೂ ಬರ್ಮಿಂಗ್‌ಹ್ಯಾಮಿಗೆ ಹೋಗಿ, ಊರಲ್ಲಿ ಜೀವಭಯವಿದೆಯೆಂದು ಆಶ್ರಯ ಕೇಳಿದ್ದರು. ಅಲ್ಲಿನ ಸರಕಾರ ನಿರಾಕರಿಸಿತು. ಅಪೀಲಿನ ದಿನ ನ್ಯಾಯಾಧೀಶೆ ಮಾರ್ಟಿನಾಳನ್ನು ಒಂದೇ ಪ್ರಶ್ನೆ ಕೇಳಿದರು: ಊರಿಗೆ ಹೋದರೆ ನಿಮ್ಮಣ್ಣ ನಿಜಕ್ಕೂ ಕೊಲ್ಲುತ್ತಾನೆಯೇ?

ಮಾರ್ಟಿನಾ ನ್ಯಾಯಾಧೀಶೆಯನ್ನೇ ನೋಡುತ್ತ ಹೇಳಿದಳು:

“ಕತ್ತಿ ಹಿಡಿದದ್ದು ನಿಜ. ಸಣ್ಣವಳಿದ್ದಾಗ ಜ್ವರ ಬಂದರೆ ನನ್ನನ್ನು ಬೆನ್ನ ಮೇಲೆ ಹೊತ್ತು ಆಸ್ಪತ್ರೆಗೆ ಓಡಿದವನೂ ಅವನೇ. ಕೊಲ್ಲುತ್ತಾನೋ ಇಲ್ಲವೋ, ಗೊತ್ತಿಲ್ಲ.”

ಅಪೀಲು ಬಿದ್ದುಹೋಯಿತು.

“ಕೊಲ್ತಾನೆ ಅಂತ ಒಂದು ಮಾತು ಹೇಳ್ಲಿಕ್ಕೆ ನಿನಗೆ ಎಂತ ಕಷ್ಟ?” ಎಂದು ಜಂಶೀರ್ ಬಸ್ಸಿನಲ್ಲಿ ಕೇಳಿದ.

“ದೇವರ ಮೇಲೆ ಪ್ರಮಾಣ ಮಾಡಿ, ಗೊತ್ತಿಲ್ಲದ್ದನ್ನು ಹೇಗೆ ಹೇಳ್ಲಿ?”

ಊರಿಗೆ ಮರಳುವ ಧೈರ್ಯವಿಲ್ಲದೆ ದುಬೈಗೆ ಬಂದರು. ಸಂಸಾರ ಚೆನ್ನಾಗಿಯೇ ನಡೆಯಿತು. ಆದರೆ ವೀಸಾ ನವೀಕರಿಸುವ ಹೊತ್ತು ಬಂದಾಗಲೆಲ್ಲ ಜಂಶೀರನಿಗೆ ಆ ‘ಗೊತ್ತಿಲ್ಲ’ ನೆನಪಾಗುತ್ತಿತ್ತು. ಆಗೆಲ್ಲ ಅವಳೊಡನೆ ಮಾತು ಕಡಿಮೆ ಮಾಡುತ್ತಿದ್ದ. ಅವಳು ಊಟ ಬಡಿಸಿ, ಎದುರಿಗೇ ಕುಳಿತಿರುತ್ತಿದ್ದಳು.

*

ಪಾದ್ರಿಗಳ ಪ್ರಾರ್ಥನೆ ಮುಗಿದು, ಪೆಟ್ಟಿಗೆಯನ್ನು ಗುಂಡಿಗೆ ಇಳಿಸಿದರು. ಕ್ಲಾರೆನ್ಸ್ ಪಕ್ಕಕ್ಕೆ ಬಂದು ನಿಂತ.

“ಬರ್ಮಿಂಗ್‌ಹ್ಯಾಮಲ್ಲಿ ಕೋರ್ಟಿಗೆ ಹೋಗಿದ್ರಂತೆ. ನನ್ನ ಬಗ್ಗೆ ಅವಳು ಎಂತ ಹೇಳಿದ್ದು?”

“ನೀವು ಕೊಲ್ತೀರೋ ಇಲ್ವೋ ಗೊತ್ತಿಲ್ಲ ಅಂದಳು.”

ಕ್ಲಾರೆನ್ಸ್ ಗುಂಡಿಯನ್ನೇ ನೋಡುತ್ತಿದ್ದ. “ಕೊಲ್ತಿದ್ದೆ,” ಎಂದ. “ಆಗ ಬಂದಿದ್ರೆ ಖಂಡಿತ ಕೊಲ್ತಿದ್ದೆ. ಅವಳಿಗೆ ಗೊತ್ತಿರ್ಲಿಲ್ಲ ಅಷ್ಟೆ.”

ಜಂಶೀರನಿಗೆ ಸಿಟ್ಟು ಬರಬೇಕಿತ್ತು. ಆದರೆ ಊಟದ ಮೇಜಿನೆದುರು ಕುಳಿತಿದ್ದ ಹೆಂಡತಿಯ ಮುಖವಷ್ಟೇ ಕಣ್ಣಿಗೆ ಬಂತು.

ಕ್ಲಾರೆನ್ಸ್ ಬಾಗಿ ಒಂದು ಹಿಡಿ ಮರಳು ತೆಗೆದುಕೊಂಡ. ಅಂಚಿನ ಸಡಿಲ ಮಣ್ಣು ಕುಸಿದು ಅವನ ಕಾಲು ಜಾರಿತು. ಜಂಶೀರ್ ಚಟ್ಟನೆ ಅವನ ತೋಳನ್ನು ಹಿಡಿದ.

“ಮೆಲ್ಲ, ಭಾವ.”

ಹಿಡಿದ ಕೈಯನ್ನು ಬಿಡಲಿಲ್ಲ. ಕ್ಲಾರೆನ್ಸನ ಬೆರಳ ಸಂದಿಯಿಂದ ಮರಳು ಸಣ್ಣಗೆ ಕೆಳಗೆ ಸುರಿಯತೊಡಗಿತು.